ಓಟು ಕೇಳಲು ನಡೆದುಕೊಂಡು ಬನ್ನಿ

ಬೆಂಗಳೂರಿನ ನಮ್ಮ ವಾರ್ಡಿನಲ್ಲಿ ಪಾಲಿಕೆ ಚುನಾವಣೆಗೆ ನಿಲ್ಲುವವರಿಗೆ, ನಿಲ್ಲಬೇಕು ಅಂತಿರುವವರಿಗೆ, ಬಿ ಫಾರಂ ಸಿಗದಿದ್ದರೆ ಪಕ್ಷೇತರನಾಗಿ ನಿಲ್ಲುತ್ತೇನೆ ಅಂತ ಈಗಲೇ ಹೇಳಿಕೊಂಡು ತಿರುಗುತ್ತಿರುವವರಿಗೆ,

ನಮಸ್ಕಾರ.

ಮೊನ್ನೆ ಭಾನುವಾರ ಹಾಲಿನ ಪ್ಯಾಕೆಟ್ ತೆಗೆಯಲು ಹೋದಾಗ ಗೇಟಿಗೆ ನಿಮ್ಮಲ್ಲೊಬ್ಬರ ಕರಪತ್ರ ಸಿಕ್ಕಿಸಿತ್ತು. ಒಳ್ಳೇ ಕಾಗದ. ನಿಮ್ಮ ಫೋಟೋ, ನಿಮ್ಮ ನಾಯಕರ ಫೋಟೋ, ಅವರ ನಾಯಕರ ಫೋಟೋ. ಕೆಳಗೆ ದಪ್ಪಕ್ಷರದಲ್ಲಿ 'ಸಂಚಾರ ಮುಕ್ತ ವಾರ್ಡ್ ನನ್ನ ಗುರಿ' ಅಂತ ಬರೆದಿತ್ತು. ಸಂಚಾರ ದಟ್ಟಣೆ ಮುಕ್ತ ಅಂತ ಬರೆಯಲು ಹೋಗಿ ಪ್ರೆಸ್ಸಿನವರು ದಟ್ಟಣೆಯನ್ನು ಬಿಟ್ಟಿದ್ದಾರೆ. ನಾನು ನಕ್ಕೆ. ಆಮೇಲೆ ಯೋಚಿಸಿದರೆ ತಪ್ಪೇನಿಲ್ಲ ಅನಿಸಿತು. ಸಂಚಾರವೇ ಇಲ್ಲದ ವಾರ್ಡ್ ಆಗಲು ನಮಗೆ ಇನ್ನು ಜಾಸ್ತಿ ದಿನ ಬೇಕಿಲ್ಲ.

ಒಳಗಡೆ ಭರವಸೆಗಳ ಪಟ್ಟಿ. ವಾರ್ಡಿಗೆ ಮೆಟ್ರೋ ನಿಲ್ದಾಣ ತರುತ್ತೇನೆ. ಬಿಎಂಟಿಸಿ ಬಸ್ ದುಪ್ಪಟ್ಟು ಮಾಡಿಸುತ್ತೇನೆ. ದೊಡ್ಡ ಸರ್ಕಲ್ಲಿನಲ್ಲಿ ಮೇಲ್ಸೇತುವೆ. ಸುರಂಗ ರಸ್ತೆಗೆ ಸಂಪರ್ಕ. ಹಿಂದಿನ ವಾರ ಬಂದ ಇನ್ನೊಬ್ಬರ ಕರಪತ್ರದಲ್ಲೂ ಹೆಚ್ಚುಕಡಿಮೆ ಇದೇ ಇತ್ತು. ಫೋಟೋ ಮಾತ್ರ ಬೇರೆ.

ಬೇಜಾರು ಮಾಡಿಕೊಳ್ಳಬೇಡಿ, ಇದರಲ್ಲಿ ಒಂದೂ ನಿಮ್ಮ ಕೈಯಲ್ಲಿಲ್ಲ. ನಗರದ ಬಸ್ ಓಡಿಸುವ ಬಿಎಂಟಿಸಿ 1997ರಲ್ಲಿ ಕೆಎಸ್‌ಆರ್‌ಟಿಸಿಯಿಂದ ಬೇರೆಯಾದ ನಿಗಮ. ಅದು ರಾಜ್ಯದ ಸಾರಿಗೆ ಇಲಾಖೆಯ ಕೆಳಗಿದೆ. 2025ರ ಜನವರಿಯಲ್ಲಿ ಬಸ್ ದರ ಶೇಕಡಾ 15 ಏರಿದ್ದು ಸರ್ಕಾರದ ತೀರ್ಮಾನ, ಪಾಲಿಕೆಯದ್ದಲ್ಲ. ಮೆಟ್ರೋ ಕೇಂದ್ರ ಮತ್ತು ರಾಜ್ಯದ ಸಮಪಾಲಿನ ಕಂಪನಿ. ಅದೇ ವರ್ಷ ಫೆಬ್ರವರಿಯಲ್ಲಿ ಮೆಟ್ರೋದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಹೋಯಿತು. ಆಗ ವಾರ್ಡಿನಲ್ಲಿ ಕಾರ್ಪೊರೇಟರ್ ಇರಲಿಲ್ಲ. ಇದ್ದಿದ್ದರೂ ಒಂದು ಪೈಸೆ ಇಳಿಸಲು ಆಗುತ್ತಿರಲಿಲ್ಲ. ಉಪನಗರ ರೈಲು ಅಂತೂ 1983ರಿಂದ ಮಾತಿನಲ್ಲೇ ಓಡುತ್ತಿದೆ. 2022ರ ಜೂನ್‌ನಲ್ಲಿ ಶಂಕುಸ್ಥಾಪನೆ ಆಯಿತು. 148 ಕಿಲೋಮೀಟರಿನ ನಾಲ್ಕು ಮಾರ್ಗಕ್ಕೆ ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಅಂತ ಚೆಂದದ ಹೆಸರಿಟ್ಟಿದ್ದಾರೆ. ಹೂ ಬಿಡುವುದನ್ನು ನಾವು ಕಾಯುತ್ತಿದ್ದೇವೆ. ಟ್ರಾಫಿಕ್ ಪೊಲೀಸರು ಗೃಹ ಇಲಾಖೆಯವರು. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ಗೆ ಸುಮಾರು 17 ಕಿಲೋಮೀಟರ್ ಸುರಂಗ ಕೊರೆಯಬೇಕೋ ಬೇಡವೋ ಅನ್ನುವುದು ನಿಮಗಿಂತ ಬಹಳ ಮೇಲಿನವರ ಮಾತು. ಇವರನ್ನೆಲ್ಲ ಒಂದೇ ಮೇಜಿನ ಸುತ್ತ ಕೂರಿಸಲು 2022ರಲ್ಲಿ ಭೂಸಾರಿಗೆ ಪ್ರಾಧಿಕಾರಕ್ಕೊಂದು ಕಾಯ್ದೆಯೂ ಬಂತು. ಆ ಮೇಜಿನಲ್ಲೂ ವಾರ್ಡ್ ಸದಸ್ಯರಿಗೆ ಕುರ್ಚಿ ಹಾಕಿಲ್ಲ.

ಪಾಲಿಕೆ ಸಭೆಯಲ್ಲಿ ಇದರ ಬಗ್ಗೆ ನೀವು ಮಾತಾಡಬಹುದು, ನಿರ್ಣಯ ಮಾಡಬಹುದು, ಮಂತ್ರಿಗಳ ಹತ್ತಿರ ಹೋಗಿ ಮನವಿ ಕೊಟ್ಟು ಫೋಟೋ ತೆಗೆಸಿಕೊಳ್ಳಬಹುದು. ಮಾಡಿ. ಆದರೆ ಅದನ್ನು ನಿಮ್ಮ ಸಾರಿಗೆ ನೀತಿ ಅಂತ ನಮಗೆ ಮಾರಬೇಡಿ. ನಿಮ್ಮ ಕೈಯಲ್ಲಿ ನಿಜವಾಗಿ ಇರುವುದು ಇನ್ನೊಂದು. ಅದು ಯಾರ ಕರಪತ್ರದಲ್ಲೂ ಇಲ್ಲ. ಅದಕ್ಕೇ ಈ ಪತ್ರ.

ಅದು ನಮ್ಮ ಮನೆ ಗೇಟಿನಿಂದ ಬಸ್ ಸ್ಟಾಪಿನವರೆಗಿನ 650 ಮೀಟರ್.

ನಮ್ಮದು ನಗರದ ದಕ್ಷಿಣ ಭಾಗದ ಒಂದು ಹಳೇ ಬಡಾವಣೆ. ಅಮ್ಮನಿಗೆ 74 ವರ್ಷ. ಮಂಡಿ ಆಪರೇಷನ್ ಆಗಿದೆ. ಡಾಕ್ಟರು ದಿನಾ ನಡೆಯಬೇಕು ಅಂದಿದ್ದಾರೆ. ಅಮ್ಮನಿಗೂ ನಡೆಯುವ ಆಸೆ. ವಾರಕ್ಕೆ ಎರಡು ಸಲ ಮಲ್ಲೇಶ್ವರದಲ್ಲಿರುವ ತಂಗಿಯ ಮನೆಗೆ ಹೋಗಬೇಕು. 2023ರ ಜೂನ್ 11ರಂದು ಹೆಂಗಸರಿಗೆ ಪುಕ್ಕಟೆ ಬಸ್ಸಿನ ಶಕ್ತಿ ಯೋಜನೆ ಶುರುವಾದ ಮೇಲೆ ಟಿಕೆಟ್ಟಿನ ಚಿಂತೆಯಿಲ್ಲ. ಆಧಾರ್ ತೋರಿಸಿದರೆ ಕಂಡಕ್ಟರು ಪಿಂಕ್ ಟಿಕೆಟ್ ಹರಿದು ಕೊಡುತ್ತಾರೆ. ಆದರೆ ಆ ಬಸ್ಸಿನವರೆಗೆ ಹೋಗುವುದು ಹೇಗೆ? ಫುಟ್‌ಪಾತ್ ಮೇಲೆ ಹೋಗಲು ಆಗಲ್ಲ. ರಸ್ತೆಗೆ ಇಳಿದರೆ ಹಿಂದಿನಿಂದ ಸ್ಕೂಟರು. ಹಾಗಾಗಿ ಆಟೋ. ಮೀಟರ್ ಪ್ರಕಾರ ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ. ಇಷ್ಟು ಹತ್ತಿರಕ್ಕೆ ಯಾರು ಮೀಟರ್ ಹಾಕುತ್ತಾರೆ ಹೇಳಿ? ಐವತ್ತು ಕೊಡಿ ಅಮ್ಮಾ ಅಂತಾರೆ. ಅಮ್ಮ ಕೊಡುತ್ತಾರೆ.

ಅಂದರೆ ಪುಕ್ಕಟೆ ಬಸ್ ಹತ್ತಲು ನಮ್ಮಮ್ಮ ಐವತ್ತು ರೂಪಾಯಿ ಖರ್ಚು ಮಾಡುತ್ತಿದ್ದಾರೆ. ವಾಪಸ್ ಬರುವಾಗ ಇನ್ನೈವತ್ತು.

ಒಂದು ದಿನ ರಜೆ ಹಾಕಿ, ಟೈಲರ್ ಅಂಗಡಿಯವರ ಹತ್ತಿರ ಟೇಪು ತಗೊಂಡು, ಆ ದಾರಿಯನ್ನು ನಾನೇ ಅಳೆದೆ. ಹುಚ್ಚು ಅಂದುಕೊಳ್ಳಿ. ದೇಶದ ರಸ್ತೆಗಳಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಮಾಡಿಟ್ಟಿರುವ ಲೆಕ್ಕವಿದೆ. ಫುಟ್‌ಪಾತ್‌ನಲ್ಲಿ ಅಡ್ಡಿಯಿಲ್ಲದೆ ನಡೆಯುವ ಜಾಗ ಕನಿಷ್ಠ 1.8 ಮೀಟರ್ ಇರಬೇಕು. ಇಬ್ಬರು ಎದುರುಬದುರು ಬಂದರೂ ದಾಟಿಕೊಂಡು ಹೋಗುವಷ್ಟು. ರಸ್ತೆಯಿಂದ ಎತ್ತರ 150 ಮಿಲಿಮೀಟರ್ ಮೀರಬಾರದು, ಅಂದರೆ ಅರ್ಧ ಅಡಿ. ನಮ್ಮ ಮನೆಯ ಮುಂದೆ ಅಗಲ 1.1 ಮೀಟರ್. ಮೂರು ಮನೆ ದಾಟಿದರೆ ಅಲ್ಲಿ ಯಾರೋ ಗ್ರಿಲ್ ಹಾಕಿ ದಾಸವಾಳ, ತುಳಸಿ ನೆಟ್ಟಿದ್ದಾರೆ. ಉಳಿದಿದ್ದು ಒಂದೂವರೆ ಅಡಿ. ಅದಾದ ಮೇಲೆ ಒಂದು ಟ್ರಾನ್ಸ್‌ಫಾರ್ಮರ್. ಅಲ್ಲಿ ಉಳಿದಿದ್ದು ಸೊನ್ನೆ. ಎತ್ತರ ಒಂದು ಕಡೆ ಒಂದು ಅಡಿ ಎರಡಿಂಚು. ಅಮ್ಮನ ಮಂಡಿ ಅಷ್ಟು ಮಡಚುವುದಿಲ್ಲ. ಇನ್ನೊಂದು ಕಡೆ ಫುಟ್‌ಪಾತೇ ರಸ್ತೆಗಿಂತ ಕೆಳಗೆ! ಡಾಂಬರಿನ ಮೇಲೆ ಡಾಂಬರು ಹಾಕಿ ಹಾಕಿ ರಸ್ತೆ ಬೆಳೆದುಬಿಟ್ಟಿದೆ. ಮಳೆ ಬಂದರೆ ಅಲ್ಲಿ ಫುಟ್‌ಪಾತೇ ಕಾಲುವೆ. ಪ್ರತಿ ಮನೆಯವರೂ ಕಾರು ಒಳಗೆ ಹೋಗಲಿ ಅಂತ ಇಳಿಜಾರು ಕಟ್ಟಿಕೊಂಡಿದ್ದಾರೆ. ಹಾಗಾಗಿ ಹತ್ತು ಹೆಜ್ಜೆಗೊಮ್ಮೆ ಹತ್ತು, ಇಳಿ, ಹತ್ತು, ಇಳಿ.

ಎಣಿಸಿದೆ. 650 ಮೀಟರಿನಲ್ಲಿ ಹತ್ತಿ ಇಳಿಯಬೇಕಾದ್ದು 41 ಕಡೆ. ಬಾಯಿ ಬಿಟ್ಟ ಚಪ್ಪಡಿ 7. ಚಪ್ಪಡಿಯೇ ಇಲ್ಲದ ಜಾಗ 3. ಅದರಲ್ಲಿ ಒಂದಕ್ಕೆ ಯಾರೋ ಪುಣ್ಯಾತ್ಮರು ಹಳೇ ಟೈರು ನಿಲ್ಲಿಸಿ ಕೆಂಪು ಬಟ್ಟೆ ಕಟ್ಟಿದ್ದಾರೆ. ನಮ್ಮ ಬೀದಿಯಲ್ಲಿರುವ ಒಂದೇ ಒಂದು ಸುರಕ್ಷತಾ ಕ್ರಮ ಅದು.

ಚಪ್ಪಡಿ ವಿಷಯ ಸ್ವಲ್ಪ ಹೇಳಬೇಕು. ಹೊರಗಿನಿಂದ ಬಂದವರಿಗೆ ಇದು ಗೊತ್ತಾಗಲ್ಲ. ಬೆಂಗಳೂರಿನ ಎಷ್ಟೋ ಫುಟ್‌ಪಾತ್‌ಗಳು ಫುಟ್‌ಪಾತೇ ಅಲ್ಲ, ಮೋರಿಯ ಮುಚ್ಚಳ. ರಸ್ತೆ ಪಕ್ಕದ ಮಳೆನೀರಿನ ಚರಂಡಿಗೆ ಮೇಲೆ ಕಲ್ಲು ಮುಚ್ಚಿ ಅದರ ಮೇಲೆ ನಡೀರಿ ಅಂದಿದ್ದಾರೆ. ಮಳೆಗಾಲಕ್ಕೆ ಮುಂಚೆ ಹೂಳು ತೆಗೆಯಬೇಕಲ್ವಾ? ಆಗ ಕಲ್ಲು ಎತ್ತುತ್ತಾರೆ. ಎತ್ತುವಾಗ ನಾಲ್ಕರಲ್ಲಿ ಒಂದು ಮುರಿಯುತ್ತೆ. ತೆಗೆದ ಹೂಳನ್ನು ಪಕ್ಕದಲ್ಲೇ ಗುಡ್ಡೆ ಹಾಕುತ್ತಾರೆ. ಲಾರಿ ನಾಳೆ ಬರುತ್ತೆ ಅಂತಾರೆ. ಲಾರಿಗಿಂತ ಮುಂಚೆ ಮಳೆ ಬರುತ್ತೆ. ಹೂಳು ಮತ್ತೆ ಮೋರಿಗೆ, ಬಿಲ್ಲು ಗುತ್ತಿಗೆದಾರರ ಕೈಗೆ. ಆಮೇಲೆ ಪೈಪಿನವರು, ಕೇಬಲ್ಲಿನವರು ಒಬ್ಬರಾದ ಮೇಲೆ ಒಬ್ಬರು ಬಂದು ಅದೇ ಕಲ್ಲು ಎತ್ತುತ್ತಾರೆ. ಕೊನೆಯಲ್ಲಿ ಎತ್ತಿದವರು ಯಾರು ಅಂತ ಕೇಳಿದರೆ ಎಲ್ಲರೂ ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. ನಾನೂ ಒಂದು ಕಚೇರಿಗೆ ಹೋಗಿ ದೂರು ಬರೆದು ಕೊಟ್ಟೆ. ಎಂಟು ದಿನಕ್ಕೆ 'ನಿಮ್ಮ ದೂರು ಪರಿಹರಿಸಲಾಗಿದೆ' ಅಂತ ಮೆಸೇಜು ಬಂತು. ಹೊರಗೆ ಹೋಗಿ ನೋಡಿದೆ. ಟೈರು ಹಾಗೇ ಇತ್ತು. ಬಟ್ಟೆ ಸ್ವಲ್ಪ ಬಣ್ಣ ಹೋಗಿತ್ತು.

ಇದನ್ನು ಸರಿ ಮಾಡಲು ಬರುವುದಿಲ್ಲ ಅಂತ ಹೇಳಬೇಡಿ. ಸೇಂಟ್ ಮಾರ್ಕ್ಸ್ ರಸ್ತೆ, ರೆಸಿಡೆನ್ಸಿ ರಸ್ತೆ, ಕನ್ನಿಂಗ್‌ಹ್ಯಾಮ್ ರಸ್ತೆಗಳಲ್ಲಿ ಹತ್ತು ವರ್ಷದ ಹಿಂದೆಯೇ ಟೆಂಡರ್‌ಶ್ಯೂರ್ ಅಂತ ಮಾಡಿದರು. ನೀರಿನ ಪೈಪು, ಕರೆಂಟು, ಕೇಬಲ್ಲು ಎಲ್ಲಕ್ಕೂ ನೆಲದಡಿ ಬೇರೆ ಬೇರೆ ದಾರಿ. ಮೇಲೆ ಅಗಲವಾದ ಸಮತಟ್ಟು ಫುಟ್‌ಪಾತ್. ಅಮ್ಮನನ್ನು ಒಮ್ಮೆ ಸೇಂಟ್ ಮಾರ್ಕ್ಸ್ ರಸ್ತೆಗೆ ಕರೆದುಕೊಂಡು ಹೋಗಿದ್ದೆ. ಕೆಲಸವಿದ್ದದ್ದು ಹತ್ತು ನಿಮಿಷದ್ದು. ಅಮ್ಮ ಮುಕ್ಕಾಲು ಗಂಟೆ ಸುಮ್ನೆ ನಡೆದರು. 'ಇದೂ ಬೆಂಗಳೂರೇನಾ?' ಅಂದರು. ಆ ಕೆಲಸಕ್ಕೆ ದುಡ್ಡು ಜಾಸ್ತಿಯಾಯಿತು ಅನ್ನುವ ತಕರಾರು ಆಗಲೂ ಇತ್ತು. ಇರಬಹುದು. ಅಷ್ಟು ದೊಡ್ಡದು ನಮಗೆ ಬೇಡ. ನಮ್ಮ 650 ಮೀಟರಿಗೆ ಗ್ರಾನೈಟ್ ಬೇಕಿಲ್ಲ. ಚಪ್ಪಡಿ ಸಮ ಇದ್ದರೆ ಸಾಕು. ವಾರ್ಡಿನ ಬಾಗಿಲಿಗೆ ಕಮಾನು ಕಟ್ಟಿಸುತ್ತೇವೆ ಅಂತ ನಿಮ್ಮಲ್ಲೊಬ್ಬರು ಹೇಳಿದರಂತೆ. ಆ ಕಮಾನಿನ ದುಡ್ಡಿನಲ್ಲಿ ಎಷ್ಟು ಚಪ್ಪಡಿ ಬರುತ್ತೆ ಅಂತ ಗುತ್ತಿಗೆದಾರರನ್ನು ಒಮ್ಮೆ ಕೇಳಿ.

ಇನ್ನು ಕಾರು. ಇದನ್ನು ಹೇಳಿದರೆ ನಮ್ಮ ಬೀದಿಯಲ್ಲೇ ನನ್ನ ಮೇಲೆ ಮುನಿಸಾಗುತ್ತೆ, ಆದರೂ ಹೇಳುತ್ತೇನೆ. ನಮ್ಮ ಬೀದಿಗೆ ಮೊದಲು ಮೆಟ್ರೋ ನಿಲ್ದಾಣದಿಂದ ಒಂದು ಚಿಕ್ಕ ಫೀಡರ್ ಬಸ್ ಬರುತ್ತಿತ್ತು. ಮೂಲೆಯ ತಿರುವಿನಲ್ಲಿ ಎರಡೂ ಕಡೆ ಕಾರು ನಿಲ್ಲಿಸಿದರೆ ಅದು ತಿರುಗಲು ಆಗುತ್ತಿರಲಿಲ್ಲ. ಡ್ರೈವರು ಹಾರ್ನ್ ಹೊಡೆಯುವುದು, ಕಂಡಕ್ಟರು ಇಳಿದು ಮನೆ ಮನೆ ಬೆಲ್ ಒತ್ತಿ 'ಸಾರ್, ಕಾರು ನಿಮ್ದಾ?' ಅಂತ ಕೇಳುವುದು. ಒಂದಷ್ಟು ದಿನ ಹೀಗೇ ನಡೆಯಿತು. ಒಂದು ಸೋಮವಾರ ಬಸ್ಸು ಬರಲಿಲ್ಲ. ಆಮೇಲೆ ಬರಲೇ ಇಲ್ಲ. ಒಂದು ಬಸ್ಸಿನ ನಲವತ್ತು ಜನರನ್ನು ಎರಡು ಕಾರು ಸೋಲಿಸಿದವು. ಆ ಕಾರುಗಳಲ್ಲಿ ಒಂದು ನನ್ನ ಗೆಳೆಯನದ್ದು. ಮನೆಯಲ್ಲಿ ಶೆಡ್ಡಿದೆ, ಅದರಲ್ಲಿ ವಾಷಿಂಗ್ ಮಷಿನ್ನು ಮತ್ತು ಹಳೇ ಸೋಫಾ ಇಟ್ಟಿದ್ದಾನೆ.

ಪಾರ್ಕಿಂಗ್ ನೀತಿ ಇಲ್ಲದೇ ಇಲ್ಲ. 2021ರಲ್ಲಿ ಸರ್ಕಾರ ಒಪ್ಪಿದ್ದೇ ಇದೆ. ಮನೆ ಮುಂದಿನ ರಸ್ತೆಯಲ್ಲಿ ಕಾರು ನಿಲ್ಲಿಸಲು ಪರ್ಮಿಟ್, ಅದಕ್ಕೆ ವರ್ಷಕ್ಕಿಷ್ಟು ಶುಲ್ಕ. ಕಾಗದದಿಂದ ನಮ್ಮ ಬೀದಿಗೆ ಅದು ಇಳಿಯಲಿಲ್ಲ. ಯಾಕೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಕಾರಿದ್ದವರು ಫೋನು ಮಾಡುತ್ತಾರೆ. ಬಸ್ಸಿಗೆ ಕಾಯುವವರು ಫೋನು ಮಾಡುವುದಿಲ್ಲ, ಕಾಯುತ್ತಾರೆ. ಪೂರಾ ವಾರ್ಡಿಗೆ ಪರ್ಮಿಟ್ ತನ್ನಿ ಅಂತ ಮೊದಲ ದಿನವೇ ನಾನು ಕೇಳಲ್ಲ. ತಿರುವುಗಳಲ್ಲಿ, ಬಸ್ ಸ್ಟಾಪಿನ ಮುಂದೆ, ಶಾಲೆ ಗೇಟಿನ ಹತ್ತಿರ ಕಾರು ನಿಲ್ಲಬಾರದು. ಅಷ್ಟು ಮಾಡಿಸುತ್ತೀರಾ? ಹೌದು ಅನ್ನಿ, ಇಲ್ಲ ಅನ್ನಿ. 'ಎಲ್ಲರ ಅಭಿಪ್ರಾಯ ಪಡೆದು' ಅನ್ನುವ ಉತ್ತರ ಬೇಡ.

ಫುಟ್‌ಪಾತ್ ಅಂದ ಕೂಡಲೇ ನಿಮ್ಮಲ್ಲಿ ಕೆಲವರಿಗೆ ಒಂದೇ ಐಡಿಯಾ ಹೊಳೆಯುತ್ತೆ, ಬೀದಿ ವ್ಯಾಪಾರಿಗಳನ್ನು ಎಬ್ಬಿಸುವುದು. ಜೆಸಿಬಿ ತರಿಸಿ, ವಿಡಿಯೋ ಮಾಡಿಸಿ, ಗ್ರೂಪಿಗೆ ಹಾಕಿದರೆ ಕೆಲಸ ಆಯಿತು. ದಯವಿಟ್ಟು ಬೇಡ. ನನ್ನ ಟೇಪಿನ ಲೆಕ್ಕದಲ್ಲಿ ಬಸ್ ಸ್ಟಾಪಿನ ಹತ್ತಿರ ಸೊಪ್ಪು ಮಾರುವ ಅಜ್ಜಿ ಹಿಡಿದಿರುವ ಜಾಗ ಮೂರು ಅಡಿ. ಎದುರು ಫುಟ್‌ಪಾತ್ ಹತ್ತಿ ನಿಂತಿರುವ ಕಾರು ಹಿಡಿದಿದ್ದು ಐದೂವರೆ ಅಡಿ. ಅಜ್ಜಿ ಮಧ್ಯಾಹ್ನ ಹೊರಟುಹೋಗುತ್ತಾರೆ. ಕಾರು ನಾನು ನೋಡಿದಂತೆ ಯುಗಾದಿಯಿಂದ ಅಲ್ಲಿಂದ ಅಲುಗಾಡಿಲ್ಲ. ಬೀದಿ ವ್ಯಾಪಾರಿಗಳಿಗೆ 2014ರ ಕಾಯ್ದೆಯಿದೆ. ಜಾಗ ಗುರುತಿಸಬೇಕು, ಅವರನ್ನೂ ಸಮಿತಿಯಲ್ಲಿ ಕೂರಿಸಿಕೊಂಡು ಮಾತಾಡಬೇಕು ಅಂತ ಅದು ಹೇಳುತ್ತೆ. ಕತ್ತಲಾದ ಮೇಲೆ ಬಸ್ ಇಳಿಯುವ ಹೆಣ್ಣುಮಕ್ಕಳನ್ನು ಕೇಳಿ ನೋಡಿ. ಬೀದಿದೀಪ ಕೆಟ್ಟಿರುವ ಆ ಸ್ಟಾಪಿನಲ್ಲಿ ಧೈರ್ಯ ಕೊಡುವುದು ಪಾನಿಪುರಿ ಗಾಡಿಯ ಬಲ್ಬು.

ನಡೆಯುವುದು ಹಕ್ಕು ಅಂತ ನಾನು ಹೇಳಿದರೆ ನಗುತ್ತೀರಿ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಅಡ್ಡಿಯಿಲ್ಲದ ಫುಟ್‌ಪಾತ್ ಬಳಸುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿಗೆ ಸೇರಿದ್ದು ಅಂತ. ಅಂಗವಿಕಲರೂ ಓಡಾಡುವ ಹಾಗಿರಬೇಕು ಅಂತಲೂ ಹೇಳಿದೆ. ಕೋರ್ಟಿನ ಆದೇಶ ಮತ್ತು ನಮ್ಮ ಬೀದಿಯ ಟೈರಿನ ನಡುವೆ ಒಬ್ಬ ಮನುಷ್ಯ ಬೇಕಲ್ಲ. ಆ ಮನುಷ್ಯ ನೀವು. ಐದು ವರ್ಷಕ್ಕೂ ಜಾಸ್ತಿ ಕಾಲ ಆ ಮನುಷ್ಯ ನಮಗೆ ಇರಲಿಲ್ಲ.

ಹಳೇ ಲೆಕ್ಕ ನೆನಪಿಸುತ್ತೇನೆ. ನಾವು ಕಡೆಯ ಸಲ ಪಾಲಿಕೆಗೆ ಓಟು ಹಾಕಿದ್ದು 2015ರ ಆಗಸ್ಟ್‌ನಲ್ಲಿ, 198 ವಾರ್ಡಿಗೆ. ಆ ಸದಸ್ಯರ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಅಲ್ಲಿಂದ ಆಡಳಿತಾಧಿಕಾರಿಗಳದ್ದೇ ಕಾರುಬಾರು. ಆ ವರ್ಷ ಒಂದನೇ ಕ್ಲಾಸಿಗೆ ಸೇರಿದ ಪಕ್ಕದ ಮನೆ ಹುಡುಗಿ ಈಗ ಮಿಡ್ಲ್ ಸ್ಕೂಲಿನಲ್ಲಿದ್ದಾಳೆ. ಕಾರ್ಪೊರೇಟರ್ ಅಂದರೆ ಏನು ಅಂತ ಅವಳಿಗೆ ಗೊತ್ತಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಇಡೀ ಊರಿಗೆ ಒಂದೇ ಪಾಲಿಕೆಯಾಗಿದ್ದ ಬಿಬಿಎಂಪಿ ಹೋಗಿ ಐದು ಪಾಲಿಕೆ ಬಂತು, ಮೇಲೊಂದು ಗ್ರೇಟರ್ ಬೆಂಗಳೂರು ಪ್ರಾಧಿಕಾರ ಕೂತಿತು. ನಮ್ಮ ಬೀದಿ ಈಗ ಯಾವ ಪಾಲಿಕೆಗೆ ಸೇರಿದ್ದು ಅಂತ ಕಟಿಂಗ್ ಶಾಪಿನಲ್ಲಿ ಇನ್ನೂ ಪಂದ್ಯ ಕಟ್ಟುತ್ತಾರೆ. ಐದು ಮಾಡಿದ್ದು ಸರಿಯೋ ತಪ್ಪೋ, ಆ ಜಗಳಕ್ಕೆ ನಾನು ಬರಲ್ಲ. ಒಂದು ಲಾಭವಂತೂ ಆಗಿದೆ. ಈಗ ವಾರ್ಡು 369. ಒಂದೊಂದು ವಾರ್ಡೂ ಚಿಕ್ಕದಾಗಿದೆ. ನಮ್ಮ ವಾರ್ಡನ್ನು ಒಂದು ಬೆಳಗ್ಗೆಯಲ್ಲಿ ನಡೆದು ಸುತ್ತಬಹುದು. 'ನನ್ನ ಗಮನಕ್ಕೆ ಬಂದಿಲ್ಲ' ಅನ್ನುವ ಮಾತು ಇನ್ನು ನಡೆಯಲ್ಲ.

ವಾರ್ಡ್ ಸಮಿತಿ ಅಂತ ಒಂದಿದೆ, ನೆನಪಿರಲಿ. ಹಿಂದೆ ತಿಂಗಳ ಮೊದಲ ಶನಿವಾರ ಸಭೆ ನಡೆಸಬೇಕು ಅಂತ ಮಾಡಿದ್ದರು. ಒಂದೆರಡಕ್ಕೆ ನಾನೂ ಹೋಗಿದ್ದೆ. ಕಾಫಿ ಚೆನ್ನಾಗಿತ್ತು. ಗೆದ್ದರೆ ಆ ಸಭೆಗೆ ಬಸ್ ಡಿಪೋದ ಒಬ್ಬರನ್ನು, ಟ್ರಾಫಿಕ್ ಠಾಣೆಯ ಒಬ್ಬರನ್ನು, ಕರೆಂಟಿನವರನ್ನು, ನೀರಿನವರನ್ನು ಕರೆಸಿ. ನಿಮಗೆ ಅವರ ಮೇಲೆ ಅಧಿಕಾರವಿಲ್ಲ, ನಿಜ. ಆದರೆ ಐವತ್ತು ಜನರ ಮುಂದೆ 'ಈ ಟ್ರಾನ್ಸ್‌ಫಾರ್ಮರ್ ಕಂಬದ ಮೇಲೆ ಯಾವಾಗ ಹೋಗುತ್ತೆ?' ಅಂತ ಕೇಳಲು ಯಾವ ಅಧಿಕಾರ ಬೇಕು? ತಾರೀಕು ಬರೆಸಿಕೊಳ್ಳಿ. ಮುಂದಿನ ತಿಂಗಳು ಅದೇ ತಾರೀಕು ಓದಿ ಹೇಳಿ.

ಅರ್ಧದಷ್ಟು ವಾರ್ಡು ಹೆಣ್ಣುಮಕ್ಕಳಿಗೆ ಮೀಸಲು. ಮೀಸಲಾತಿ ಪಟ್ಟಿ ಬಂದ ದಿನ ಗಂಡಸರು ಹೆಂಡತಿಯ ಆಧಾರ್ ಕಾರ್ಡ್ ಹುಡುಕುವುದನ್ನು ಈ ಊರು ಹಿಂದೆಯೂ ನೋಡಿದೆ. ಹಾಗೆ ನಿಲ್ಲುವ ಅಕ್ಕಂದಿರಿಗೆ ಒಂದು ಮಾತು. ಈ ವಿಷಯ ನಿಮಗೆ ನಿಮ್ಮ ಯಜಮಾನರಿಗಿಂತ ಚೆನ್ನಾಗಿ ಗೊತ್ತು. ಮಗುವನ್ನು ಶಾಲೆಗೆ ಬಿಟ್ಟು, ತರಕಾರಿ ತಂದು, ಅತ್ತೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವ ಈ ಸಣ್ಣ ಸಣ್ಣ ಓಡಾಟ ಯಾವ ಸುರಂಗದಲ್ಲೂ ಆಗುವುದಲ್ಲ. ಸಭೆಯಲ್ಲಿ ಮೈಕು ನಿಮ್ಮ ಕೈಯಲ್ಲೇ ಇರಲಿ.

ಇನ್ನೊಂದು ನೆನಪು. 2019ರ ಕೊನೆಯಲ್ಲಿ ಹೊರ ವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡ್ ಕಡೆಯಿಂದ ಬಸ್ಸಿಗೇ ಅಂತ ಬೇರೆ ಪಥ ಮಾಡಿದ್ದರು. ನಾನು ಆಗ ಆ ಕಡೆ ಕೆಲಸ ಮಾಡುತ್ತಿದ್ದೆ. ಪಕ್ಕದಲ್ಲಿ ಕಾರುಗಳು ನಿಂತಲ್ಲೇ ನಿಂತಿದ್ದಾಗ 500-ಡಿ ಬಸ್ಸು ಸುಯ್ಯಂತ ಹೋಗುತ್ತಿತ್ತು. ಕಿಟಕಿಯಿಂದ ನೋಡುವುದೇ ಒಂದು ಖುಷಿ. ಆಮೇಲೆ ಕೊರೊನಾ ಬಂತು, ಮೆಟ್ರೋ ಕೆಲಸ ಬಂತು, ನೆಟ್ಟಿದ್ದ ಕಂಬಗಳು ಮುರಿದು ಬಿದ್ದವು, ಪಥ ಮಾಯವಾಯಿತು. ಬೇಕು ಅಂತ ಗಲಾಟೆ ಮಾಡಲು ಯಾವ ವಾರ್ಡಿನಲ್ಲೂ ಚುನಾಯಿತರಿರಲಿಲ್ಲ. ಮತ್ತೆ ಅಂಥದ್ದು ಬಂದರೆ ನೀವು ಬಸ್ಸಿನ ಪರ ನಿಲ್ಲುತ್ತೀರೋ ಕಾರಿನ ಪರವೋ? ನಿಮ್ಮ ಮುಂದಿನ ಕರಪತ್ರದಲ್ಲಿ ಬರೆಯಿರಿ. ಫೋಟೋ ಒಂದು ಕಮ್ಮಿ ಮಾಡಿದರೆ ಜಾಗ ಸಿಗುತ್ತೆ.

ನಾನು ಕೇಳುತ್ತಿರುವುದು ಚಿಲ್ಲರೆ ಅಂತ ನಿಮಗೆ ಅನಿಸಬಹುದು. ದಿನಕ್ಕೆ ಸುಮಾರು 40 ಲಕ್ಷ ಜನ ಬಿಎಂಟಿಸಿ ಹತ್ತುತ್ತಾರೆ. ಹಳದಿ ಮಾರ್ಗ ಶುರುವಾದ ಮೇಲೆ ಮೆಟ್ರೋ ಹತ್ತುವವರ ಸಂಖ್ಯೆ ಒಂದೊಂದು ದಿನ 10 ಲಕ್ಷ ದಾಟಿದ್ದೂ ಇದೆ. ಇವರು ಯಾರೂ ಆಕಾಶದಿಂದ ಸ್ಟಾಪಿಗೆ ಇಳಿಯುವುದಿಲ್ಲ. ಬಸ್ಸು ಕೊಡುವವರು ಬೇರೆ, ರೈಲು ಕೊಡುವವರು ಬೇರೆ. ಸ್ಟಾಪಿನವರೆಗಿನ ದಾರಿ ನಿಮ್ಮದು.

ಅಮ್ಮನಿಗೆ ಈ ಪತ್ರ ಓದಿ ಹೇಳಿದೆ. 'ಇಷ್ಟುದ್ದ ಯಾಕೆ ಬರೆದೆ, ಕರೆದುಕೊಂಡು ಬಾ, ನಾನೇ ತೋರಿಸುತ್ತೇನೆ' ಅಂದರು. ಹಾಗಾಗಿ ಕರೆಯುತ್ತಿದ್ದೇನೆ. ಯಾವ ಪಕ್ಷದವರಾದರೂ ಸರಿ. ಬುಧವಾರ ಅಥವಾ ಶುಕ್ರವಾರ, ಬೆಳಗ್ಗೆ ಒಂಬತ್ತೂವರೆಗೆ ನಮ್ಮ ಗೇಟಿನ ಹತ್ತಿರ ಬನ್ನಿ. ಹಿಂದೆ ಮುಂದೆ ಕಾರು ಬೇಡ, ನಿಲ್ಲಿಸಲು ಜಾಗವಿಲ್ಲ. ಹಾರ, ಡೋಲು ಬೇಡ. ಹುಡುಗರು ಇಬ್ಬರಿಗಿಂತ ಜಾಸ್ತಿ ಬೇಡ, ಫುಟ್‌ಪಾತ್ ಹಿಡಿಸಲ್ಲ. ಅಮ್ಮ ಮುಂದೆ, ನೀವು ಹಿಂದೆ. ಟೇಪು ನನ್ನ ಹತ್ತಿರ ಇದೆ. ಟೈರಿನ ಹತ್ತಿರ ಸ್ವಲ್ಪ ಎಡಕ್ಕೆ ಬನ್ನಿ. ಗಟ್ಟಿ ಚಪ್ಪಲಿ ಹಾಕಿಕೊಳ್ಳಿ.

ಬಸ್ 9.50ಕ್ಕೆ. ಅಷ್ಟರೊಳಗೆ ಸ್ಟಾಪ್ ಮುಟ್ಟಿದರೆ ಅಲ್ಲೇ ನಿಂತು ಓಟಿನ ಮಾತಾಡೋಣ.

ಇಂತಿ,
ಟೇಪು ಹಿಡಿದ ಒಬ್ಬ ಮತದಾರ